ಸೂರ್ಯ ಮೂಡುವ ಮೊದಲೇ ಊಟ

"ಊಟ ಆಯ್ತಾ?" ಕುಂಬ್ರದ ಬಳಿಯ ರಬ್ಬರ್ ತೋಟದ ಏರುದಾರಿಯಲ್ಲಿ ಯಾರೋ ಕೂಗಿದರು. ಇನ್ನೂ ಸೂರ್ಯ ಮೂಡಿರಲಿಲ್ಲ. ಈ ಹೊತ್ತಿಗೆ ಎಂಥ ಊಟ ಎಂದು ವಾಕಿಂಗ್ ನಿಲ್ಲಿಸಿ ತಿರುಗಿ ನೋಡಿದೆ. ಕಾಲೇಜು ಹುಡುಗಿಯರ ಸಾಲೊಂದು ಓಡಿ ಬರುತ್ತಿತ್ತು. ಕೂಗಿದವಳು ಎಲ್ಲರಿಗಿಂತ ಮುಂದಿದ್ದಳು. ಕೊನೆಯವಳು ಏದುಸಿರಿನಲ್ಲೇ "ಆಯ್ತು, ಮೀನು ಸಾರು" ಎಂದಳು. ಯಾರೂ ನಗಲಿಲ್ಲ. ಸ್ವಲ್ಪ ಮುಂದೆ ಮತ್ತೆ ಅದೇ ಪ್ರಶ್ನೆ. ಈ ಸಲ ಉತ್ತರ ಬರಲಿಲ್ಲ. ಇಡೀ ಸಾಲು ಓಟ ಬಿಟ್ಟು ನಡೆಯತೊಡಗಿತು.

ತಡೆಯಲಾರದೆ ಹತ್ತಿರ ಹೋಗಿ ಕೇಳಿದೆ. "ಗುಡ್ಡಗಾಡು ಓಟದ ಪ್ರಾಕ್ಟೀಸ್ ಆಂಟಿ. ದಿನಕ್ಕೊಬ್ಬರು ಲೀಡರ್. ಕೊನೆಯವಳಿಗೆ ಮಾತಾಡ್ಲಿಕ್ಕೆ ಆಗದಿದ್ರೆ ಲೀಡರ್ ಜೋರು ಓಡಿದ್ದು ಅಂತ ಲೆಕ್ಕ. ಇವತ್ತು ತಪ್ಪು ನಂದೇ" ಎಂದಳು ಮುಂದಿದ್ದವಳು. ಓಟದಲ್ಲಿ ಜೋರು ಓಡುವುದೂ ತಪ್ಪೇ? ಮನೆಗೆ ಬಂದ ಮೇಲೂ ಅದೇ ಯೋಚನೆ.

ಮರುದಿನ ವಾಕಿಂಗಿನಲ್ಲಿ ಯಜಮಾನರು ಎಂದಿನಂತೆ ನನ್ನನ್ನು ಬಿಟ್ಟು ಬಹಳ ಮುಂದಿದ್ದರು. "ಊಟ ಆಯ್ತಾ?" ಎಂದು ಕೂಗಿದೆ. "ಬೆಳಿಗ್ಗೆ ಬೆಳಿಗ್ಗೆ ನಿಂಗೆ ಎಂತ ಆಯ್ತು ಮಾರಾಯ್ತಿ?" ಎಂದು ಗಾಬರಿಯಿಂದ ತಿರುಗಿ ನಿಂತರು. ಮದುವೆಯಾದ ಮೇಲೆ ಅವರು ದಾರಿಯಲ್ಲಿ ನನಗಾಗಿ ನಿಂತದ್ದು ಅದೇ ಮೊದಲು.