ರಿಮ್ಮಿಗೆ ಹಚ್ಚಿದ ಶೇಂಗಾ ಎಣ್ಣೆ

ಇವತ್ತು ಆಯುಧಪೂಜೆ. ಕೂಡ್ಲಿಗಿಯ ನಮ್ಮ ಮನೆಯಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ಹಳೆ ಬಟ್ಟೆಯನ್ನು ಶೇಂಗಾ ಎಣ್ಣೆಯಲ್ಲಿ ಅದ್ದಿ ಮಗಳ ಸೈಕಲ್ಲು ಒರೆಸುತ್ತಿದ್ದೆ. ಪೂಜೆ ಮುಗಿದದ್ದೇ ಅವಳು ಅದನ್ನೇರಿ ಹೈವೇ ದಾಟಿ ಗೆಳತಿಯ ಮನೆಗೆ ಹೋಗಬೇಕಂತೆ. ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಸೋದರಮಾವ ನೆನಪಾದ. ಪ್ರೀತಿಯಿಂದ ಎಂದುಕೊಳ್ಳಬೇಡಿ, ಮೈಯೆಲ್ಲ ಉರಿಯಿತು.

ಉಚ್ಚಂಗಿದುರ್ಗದ ಈ ಮಹಾಶಯ ವರ್ಷವಿಡೀ ಸೈಕಲ್ಲಿನ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಬ್ರೇಕಿನ ರಬ್ಬರು ಸವೆದರೆ, ನೆಲಕ್ಕೆ ಒತ್ತಲು ಕಾಲಿಲ್ಲವೇ ಎನ್ನುವವನು. ಆಯುಧಪೂಜೆ ಬಂತೋ, ಭಕ್ತಿ ಉಕ್ಕಿತು. ಹ್ಯಾಂಡಲಿಗೆ ಮೂರೆಳೆ ವಿಭೂತಿ, ಬೆಲ್ಲಿಗೆ ಕುಂಕುಮ, ಗಾಲಿಯಡಿ ನಿಂಬೆಹಣ್ಣು. ಸಾಲದ್ದಕ್ಕೆ, ಮಿಂಚಲಿ ಎಂದು ಕಡ್ಡಿ, ರಿಮ್ಮು ಒಂದನ್ನೂ ಬಿಡದೆ ಎಣ್ಣೆಯ ಅಭ್ಯಂಜನ! ಬ್ರೇಕು ಹಿಡಿಯುವುದು ಆ ರಿಮ್ಮನ್ನೇ ಎಂಬುದು ಊರಿನ ಯಾವ ಪಂಡಿತನಿಗೂ ಹೊಳೆದಿರಲಿಲ್ಲ.

ನನಗಾಗ ಹತ್ತು ವರ್ಷ. ನನ್ನನ್ನು ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ಹೊರಟ. ಇಳಿಜಾರು ಬಂತು.

“ಮಾಮಾ, ಬ್ರೇಕ್ ಹಿಡಿಯೋ!”

“ಹಿಡಿದೀನಿ, ನಿಲ್ಲವಲ್ದು. ನೀ ಸುಮ್ಕ ಕುಂದ್ರು, ಪೂಜಿ ಮಾಡಿದ ಗಾಡಿ ಐತಿ, ಏನೂ ಆಗಂಗಿಲ್ಲ!”

ಪೂಜೆ ಮಾಡಿದ ಗಾಡಿ ರಸ್ತೆಯಲ್ಲಿ ಒಣಹಾಕಿದ್ದ ಮೆಕ್ಕೆಜೋಳಕ್ಕೆ ನುಗ್ಗಿ ಮಲಗಿತು. ಮಾವನಿಗೆ ಮೊಣಕಾಲು ತರಚಿತು. ನನ್ನ ಎಡ ಮೊಣಕೈ ಮುರಿಯಿತು. ಇವತ್ತಿಗೂ ಪೂರ್ತಿ ಚಾಚಲು ಬರುವುದಿಲ್ಲ. “ಯಾರದೋ ಕೆಟ್ಟ ಕಣ್ಣು ಬಿದ್ದೈತಿ” ಎಂದು ಮಾವ ತೀರ್ಪು ಕೊಟ್ಟ. ಮರುವಾರ ಬ್ರೇಕಿನ ರಬ್ಬರು ತಂದನೇ? ಅಯ್ಯೋ, ಎಲ್ಲಿಯ ಮಾತು! ಹ್ಯಾಂಡಲಿಗೆ ನಿಂಬೆಹಣ್ಣು, ನಾಲ್ಕು ಮೆಣಸಿನಕಾಯಿ ಕಟ್ಟಿದ. ಊರೇ ತಲೆದೂಗಿತು. ಒಳಗೆ ಏನಾದರೂ ಇದ್ದಿದ್ದರೆ ಅಷ್ಟು ಸಲೀಸಾಗಿ ತೂಗುತ್ತಿರಲಿಲ್ಲ.

ಸೈಕಲ್ಲು ಒರೆಸುತ್ತಲೇ ಇದನ್ನೆಲ್ಲ ಮಗಳಿಗೆ ಹೇಳಿ ನಕ್ಕೆ. ನಾನೋ ಶಾಲೆಯಲ್ಲಿ ವಿಜ್ಞಾನದ ಟೀಚರು. ಘರ್ಷಣೆಯ ಪಾಠವನ್ನು ಪ್ರತಿವರ್ಷ ಗಂಟಲು ಹರಿಯುವಂತೆ ಮಾಡುವವಳು. ಅವಳು ನಗಲಿಲ್ಲ. ಹಿಂದಿನ ಗಾಲಿ ಎತ್ತಿ, ಪೆಡಲು ತಿರುವಿ, ಬ್ರೇಕು ಒತ್ತಿದಳು. ಗಾಲಿ ಸುತ್ತುತ್ತಲೇ ಇತ್ತು.

“ಅವ್ವಾ, ನೀನೂ ರಿಮ್ಮಿಗೆ ಹಚ್ಚೀದಿ.”

ಕೈಯಲ್ಲಿದ್ದ ಬಟ್ಟೆ ನೋಡಿಕೊಂಡೆ. ಇನ್ನು ಹತ್ತು ನಿಮಿಷಕ್ಕೆ ಇವಳು ಲಾರಿಗಳ ನಡುವೆ ಹೈವೇ ದಾಟುತ್ತಿದ್ದಳು. ಭಯಕ್ಕೆ ಬಾಯಿ ಒಣಗಿತು. ಮಾವನನ್ನು ಇಷ್ಟು ಹೊತ್ತು ಬೈದ ಬಾಯಿ ಅದೇ.

ಸೋಪಿನ ಪುಡಿ ತಂದು, ಚಾಚಲು ಬಾರದ ಕೈಯಲ್ಲಿ ಗಾಲಿ ಹಿಡಿದು, ಇನ್ನೊಂದರಿಂದ ರಿಮ್ಮು ಉಜ್ಜಿದೆ. ಮಗಳು ಕುಂಕುಮದ ಬಟ್ಟಲು ಮುಂದೆ ಹಿಡಿದಳು.

“ಅದು ಆಮ್ಯಾಲ,” ಎಂದೆ. “ಮೊದಲು ಇನ್ನೊಮ್ಮಿ ಬ್ರೇಕ್ ಒತ್ತು.”