ಭಾವನವರ ದೀಪ, ನನ್ನ ಸೇವಂತಿಗೆ

ನನ್ನ ಗಂಡನ ಅಣ್ಣ ಪಂಚಾಯಿತಿ ಮೆಂಬರ್ ಆಗಿ ಮಾಡಿದ ಘನಕಾರ್ಯ ಒಂದೇ: ನಮ್ಮ ಹೊಲದ ಬದುವಿಗೆ ಹೈಮಾಸ್ಟ್ ದೀಪ ಹಾಕಿಸಿದ್ದು. ಹಿಟ್ನಾಳದ ಹೆದ್ದಾರಿಯಲ್ಲಿ ಕಂಡಂಥದ್ದೇ ಬೇಕೆಂದು ಹಟ ಹಿಡಿದು ತಂದರು. ಅಲ್ಲಿ ಮನೆಯಿಲ್ಲ, ಬಸ್ಸು ನಿಲ್ಲುವುದಿಲ್ಲ, ರಾತ್ರಿ ಓಡಾಡುವುದು ನಾಯಿಗಳು. ಆದರೂ ಕಂಬದ ಮೇಲೆ ಭಾವನವರ ಹೆಸರು ಬೆಳಗಬೇಕಲ್ಲ.

ಕಂಬದ ಕೆಳಗಿನ ತುಂಡು ಹೊಲ ನನ್ನದು. ನನ್ನದೆಂದರೆ, ಮದುವೆಯಾಗಿ ಇಷ್ಟು ವರ್ಷಕ್ಕೆ ನನ್ನ ಮನಸ್ಸಿಗೆ ಬಂದದ್ದನ್ನು ಹಚ್ಚಲು ಬಿಟ್ಟುಕೊಟ್ಟ ಮೊದಲ ನೆಲ. ಸೇವಂತಿಗೆ ಹಚ್ಚಿದೆ. ಎಳ್ಳಮವಾಸ್ಯೆಯೊಳಗೆ ಹೂ ಕಾಣದಿದ್ದರೆ ಕಿತ್ತು ದಾಳಿಂಬೆ ಹಚ್ಚುವುದೆಂದು ಭಾವ ಹೇಳಿಬಿಟ್ಟಿದ್ದರು.

ದಸರೆಗೆ ತಾವರಗೇರಾದ ಸಂತೆಯಲ್ಲಿ ಎಲ್ಲರ ಸೇವಂತಿಗೆ ರಾಶಿ ಬಿದ್ದಿತ್ತು. ನನ್ನ ಗಿಡಗಳಲ್ಲಿ ಬರೀ ಎಲೆ. ಭಾವ ಸೊಂಟದ ಮೇಲೆ ಕೈಯಿಟ್ಟು ನೋಡಿ, "ಎಲಿ ಸೊಕ್ಕ್ಯಾವ. ದಾಳಿಂಬ್ರಿಗೆ ಉದರಸ್ತೀವಲ್ಲ, ಹಂಗ ಉದರಸಬೇಕು" ಎಂದರು. ಎಲೆ ಉದುರಿಸಿದರೆ ದಾಳಿಂಬೆ ಹೂ ಒಡೆಯುತ್ತದೆ, ನಿಜ. ಆ ಒಂದು ವಿದ್ಯೆ ಕಲಿತವರಿಗೆ ಲೋಕದ ಗಿಡಗಳೆಲ್ಲ ದಾಳಿಂಬೆಯೇ. ನಾನು ತವರಿಗೆ ಹೋದಾಗ ಆಳು ಹಚ್ಚಿ ಅರ್ಧ ಹೊಲ ಬೋಳಿಸಿದರು.

ಮರಳಿ ಬಂದು ನೋಡಿ ಮೈ ಉರಿಯಿತು. ಆಗಲೇ ಕಣ್ಣಿಗೆ ಬಿದ್ದದ್ದು, ಮೋಟಾರ್ ಮನೆಯ ಮರೆಯಲ್ಲಿ ದೀಪದ ಬೆಳಕು ತಾಗದ ನಾಲ್ಕಾರು ಗಿಡಗಳಲ್ಲಿ ಮಾತ್ರ ಮೊಗ್ಗು. ಫೋನಿನಲ್ಲಿ ಹುಡುಕಿ ಓದಿದೆ. ಕತ್ತಲೆಯ ಇರುಳು ಉದ್ದವಾದರೆ ಮಾತ್ರ ಸೇವಂತಿಗೆ ಹೂ ಬಿಡುತ್ತದೆ, ಉದ್ದವಾಯಿತೆಂದು ಅರಿಯುವುದು ಅದರ ಎಲೆಯೇ. ಎಲೆ ಸುದ್ದಿ ಮುಟ್ಟಿಸಿದ ಮೇಲೆಯೇ ಕುಡಿಯ ತುದಿಯಲ್ಲಿ ಮೊಗ್ಗು. ನಮ್ಮ ಹೊಲದಲ್ಲಿ ಇರುಳೇ ಇಲ್ಲ, ಅರಿಯಬೇಕಾದ ಎಲೆಯನ್ನೂ ಈ ಮಹಾಶಯರು ಕಿತ್ತಿದ್ದಾರೆ. ದೀಪ ಆರಿಸಿರೆಂದು ಕೇಳಿಕೊಂಡೆ. "ಬೆಳಕಿಗೆ ಅಂಜೂ ಗಿಡ ಎಲ್ಲ್ಯರ ಐತೇನವಾ?" ಎಂದು ಕಟ್ಟೆಯ ಮೇಲಿದ್ದವರನ್ನೆಲ್ಲ ನಗಿಸಿದರು.

ಎಲೆ ಉಳಿದ ಸಾಲುಗಳಿಗೆ ದಿನಾ ಸಂಜೆ ದೀಪದ ಬೆಳಕು ತಾಗದಂತೆ ತಾಡಪತ್ರಿ ಹೊದಿಸಿ ಬೆಳಿಗ್ಗೆ ತೆಗೆದೆ. ಇಬ್ಬನಿಗೆ ಹೆದರಿ ಹೊದಿಸುತ್ತಾಳೆಂದು ಮನೆಯವರು ಅಂದುಕೊಂಡರು. ಎಳ್ಳಮವಾಸ್ಯೆಗೆ ಮುಂಚೆಯೇ ಆ ಸಾಲುಗಳು ಹಳದಿಯಾಗಿ ಅರಳಿದವು. ನನಗೆ ಸಂತೋಷಕ್ಕೆ ಅಳು ಬಂತು. ಬೋಳಿಸಿದ ಸಾಲುಗಳು ಮತ್ತೆ ಎಲೆ ಬಿಟ್ಟು ಸುಮ್ಮನೆ ನಿಂತಿದ್ದವು.

ಭಾವ ನೆಂಟರನ್ನು ಕರೆತಂದು ಹೂ ತೋರಿಸಿದರು. "ಅರ್ಧಕ್ಕ ಎಲಿ ಉದರಿಸಿದ್ನಲ್ಲ, ಉಳದ ಅರ್ಧ ಅಂಜಿ ಹೂ ಬಿಟ್ಟಾವ ನೋಡ್ರಿ. ಬರೂ ವರ್ಷ ಈ ಹೊಲ ನಾನ ಮಾಡ್ತೀನಿ." ನನ್ನ ಗಂಡ ತಲೆಯಾಡಿಸಿದ. ನನ್ನ ಹೊಲ ಹೋಯಿತು.

ಈಗ ಅಲ್ಲಿ ಭಾವನವರದೇ ಸೇವಂತಿಗೆ, ಬರೀ ಎಲೆ. ಹೂ ಯಾಕಿಲ್ಲವೆಂದು ಮೊನ್ನೆ ನನ್ನನ್ನೇ ಕೇಳಿದರು. ದೀಪದ ಮಾತು ಒಮ್ಮೆ ಹೇಳಿದ್ದೆ. ಎರಡನೇ ಸಲ ಹೇಳುವಷ್ಟು ದೊಡ್ಡ ಮನಸ್ಸು ನನಗಿಲ್ಲ.