ಅಜ್ಜಿಯ ಗರುಡ, ನನ್ನ ನೀರುನಾಯಿ

ನೋಡಿದ್ದೇ ನೋಡಿದ್ದು, ಬರೀ ಹದ್ದು! ಮೂರು ದಿನ ತುಂಗಭದ್ರೆಯ ನಡುಗಡ್ಡೆಯಲ್ಲಿ ಬಿಸಿಲು ತಿಂದು ಕೂತ ನನಗೆ ಸಿಕ್ಕ ಭಾಗ್ಯ ಅದು. ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ.

ಹೊಸಪೇಟೆಯ ಕೋರ್ಟಿಗೆ ಬೇಸಿಗೆ ರಜೆ ಬಂದಿತ್ತು. ವಕೀಲರಾಗಿದ್ದ ಅಪ್ಪ ನನ್ನನ್ನು, ಅವ್ವನನ್ನು, ಅಜ್ಜಿಯನ್ನು ಹರಗೋಲಿನಲ್ಲಿ ಕೂರಿಸಿಕೊಂಡು ಹಂಪಿಯ ಎದುರಿನ ನಡುಗಡ್ಡೆಗೆ ಕರೆತಂದಿದ್ದರು. ಅಲ್ಲೊಂದು ಹಳೆಯ ಕಲ್ಲು ಮಂಟಪ; ಅದೇ ನಮ್ಮ ಬಿಡಾರ. ಹೋಗೋಣ ಎಂದು ಹಟ ಹಿಡಿದವಳು ನಾನು. ಹೊಳೆಯ ನೀರುನಾಯಿಗಳು ಅಲ್ಲಿ ಬಂಡೆ ಹತ್ತಿ ಮೀನು ತಿನ್ನುತ್ತವೆ ಎಂದು ಅಂಬಿಗ ಹೇಳಿದ್ದ. ನನಗೆ ಅವುಗಳನ್ನು ಒಂದೇ ಒಂದು ಸಲ ನೋಡಬೇಕಿತ್ತು. ಮದುವೆ ಆಗಲೇ ಮುಗಿದಿತ್ತು. ಆಷಾಢ ಕಳೆದರೆ ನನ್ನನ್ನು ಬಳ್ಳಾರಿಗೆ, ಗಂಡನ ಮನೆಗೆ ಕಳಿಸುವವರಿದ್ದರು. ಕೋಟೆಯ ಹಿಂದಿನ ಆ ಓಣಿಯಲ್ಲಿ ಹೊಳೆ ಎಲ್ಲಿಂದ ಬರಬೇಕು? ಹಾಗಾಗಿ ನೋಡಿದರೆ ಈಗ, ಇಲ್ಲವಾದರೆ ಇಲ್ಲ.

ಆದರೆ ನಮ್ಮ ಮನೆಯವರನ್ನು ಕಟ್ಟಿಕೊಂಡು ನೀರುನಾಯಿ ನೋಡಲು ಹೊರಟ ನನಗೆ ಬುದ್ಧಿ ಇರಲಿಲ್ಲ. ಅವ್ವ ಹೊಳೆ ದಂಡೆಯಲ್ಲಿ ಕೂತು ಹಿತ್ತಾಳೆ ಪಾತ್ರೆಗಳನ್ನು ಮರಳು ಹಾಕಿ ಗರಗರ ಉಜ್ಜುತ್ತಿದ್ದಳು. ಅಪ್ಪ ಯಾರದೋ ದುರ್ಬೀನು ಕೇಳಿ ತಂದಿದ್ದರು, ಸರಿ. ಅದನ್ನು ಕಣ್ಣಿಗೆ ಹಿಡಿಯುವ ಮುಂಚೆ ಒಂದು ಚಿಟಿಕೆ ನಶ್ಯ ಏರಿಸಲೇಬೇಕು. ಆಮೇಲೆ ಬರುತ್ತಿತ್ತಲ್ಲ ಆ ಸೀನು! ದಂಡೆಯ ಕೊಕ್ಕರೆಗಳೆಲ್ಲ ಒಮ್ಮೆಗೇ ಮೇಲೇಳುತ್ತಿದ್ದವು. ನಾನೊಬ್ಬಳೇ ನಡುಗಡ್ಡೆಯ ಆಚೆ ತುದಿಗೆ ಹೋಗುತ್ತೇನೆಂದರೆ ಮದುವೆಯಾದ ಹುಡುಗಿ ಒಬ್ಬಳೇ ಹೋಗಬಾರದಂತೆ. ಎರಡು ದಿನ ಹೀಗೇ ಮಣ್ಣುಪಾಲಾದವು.

ಮೂರನೆಯ ದಿನ ಶನಿವಾರ. ಸಂಜೆಗೆ ಹರಗೋಲು ಬಂದರೆ ನಾವು ಊರಿಗೆ ವಾಪಸ್ಸು. ಆ ದಿನವೇ ಅಜ್ಜಿ ಉಪವಾಸ ಕೂತರು. ಬಿಳಿ ಎದೆಯ ಗರುಡ ಕಣ್ಣಿಗೆ ಬೀಳುವ ತನಕ ತುತ್ತು ಬಾಯಿಗಿಡುವುದಿಲ್ಲ ಎಂಬ ಹರಕೆ. ಯಾಕೆ ಎಂದು ಕೇಳಿದರೆ ಹೇಳಲಿಲ್ಲ.

"ಅಪ್ಪಾ, ಆ ತುದೀಗೆ ಹೋಗೂಣು ಬರ್ರಿ," ಎಂದೆ.

"ತಡಿಯವಾ. ಅಜ್ಜಿ ಗರುಡನ್ನ ನೋಡಿ ಊಟ ಮಾಡ್ಲಿ. ಉಪವಾಸ ಬಿಟ್ಟು ಹೆಂಗ ಹೋಗೋದು?"

ಅಲ್ಲಿಗೆ ದುರ್ಬೀನು ನೀರು ಬಿಟ್ಟು ಆಕಾಶಕ್ಕೆ ತಿರುಗಿತು. ಒಂದು ಹದ್ದು ಬಂತು. ಎಲ್ಲರೂ ಎದ್ದರು, ನೋಡಿದರು, ಕೂತರು. ಮತ್ತೊಂದು ಹದ್ದು. ಮತ್ತೆ ಏಳುವುದು, ಮತ್ತೆ ಕೂರುವುದು. ನನಗೆ ತಡೆಯಲಾಗಲಿಲ್ಲ.

"ನೀರುನಾಯಿ ನೋಡಾಕ ಬಂದು ಹದ್ದು ಎಣಿಸೋದೇನು?"

ಅಜ್ಜಿ ಒಲೆಯ ಹತ್ತಿರದಿಂದಲೇ ಗದರಿದರು: "ಖೋಡಿ, ನೀರಾಗ ಇದ್ರೂ ನಾಯಿ ನಾಯೀನ! ಮಡಿ ಅಡಿಗಿ ಹತ್ರ ಅದರ ಹೆಸರು ಎತ್ತಬ್ಯಾಡ."

ನಾನು ಮುಖ ಊದಿಸಿಕೊಂಡು ಮಂಟಪದ ಅಂಚಿಗೆ ಹೋಗಿ ಕೂತೆ. ಹೊತ್ತು ಇಳಿಯತೊಡಗಿತು. ಹಸಿವಿನಿಂದ ಅಜ್ಜಿಯ ತುಟಿ ಒಣಗಿತ್ತು. ಅದನ್ನು ನೋಡಿ ಕನಿಕರವೂ ಬಂತು, ಸಿಟ್ಟೂ ಬಂತು.

ಆಗ ಎದುರಿನ ಬಂಡೆಯ ಪಕ್ಕ ನೀರು ಅಲುಗಿತು. ಏನೋ ಕಂದು ಬಣ್ಣದ್ದು, ಒದ್ದೆಯಾಗಿ ಮಿರಮಿರ ಮಿಂಚುವಂಥದ್ದು, ಬಂಡೆಯ ಮೇಲೆ ಹತ್ತಿತು. ಬೆನ್ನು ಕಂಡಿತು. ಉದ್ದ ಬಾಲ ಕಂಡಿತು. ಬಾಯಲ್ಲಿದ್ದ ಮೀನಿನ ಬಾಲ ಪಟಪಟ ಬಡಿಯುತ್ತಿತ್ತು. ಮುಖ ಮಾತ್ರ ಆ ಕಡೆಗೆ. ನಾನು ಯಾರನ್ನೂ ಕೂಗಲಿಲ್ಲ. ತಿರುಗು, ಒಂದೇ ಸಲ ಈ ಕಡೆ ತಿರುಗು ಎಂದು ಮನಸ್ಸಿನಲ್ಲೇ ಅಂಗಲಾಚಿದೆ. ಅದು ಮೀನನ್ನು ಬಂಡೆಯ ಮೇಲಿಟ್ಟು ಕತ್ತು ಹೊರಳಿಸತೊಡಗಿತು.

"ಗರುಡಾ! ನಾರಾಯಣಾ, ನಾರಾಯಣಾ!"

ಅಜ್ಜಿ ಚೀರಿದ ಚೀರಿಗೆ ಮಂಟಪ ಗುಡುಗಿತು. ಅಪ್ಪ, ಅವ್ವ ಗಲ್ಲ ಬಡಿದುಕೊಳ್ಳುತ್ತ ಓಡಿ ಬಂದರು. ಬಂಡೆಯ ಮೇಲೆ ಕೆಂಚು ರೆಕ್ಕೆಗಳು ಎರಗಿದವು. ನೀರುನಾಯಿ ದುಡುಂ ಎಂದು ಹೊಳೆಗೆ ಬಿತ್ತು. ಗರುಡ ಅದರ ಮೀನನ್ನು ಕಾಲಲ್ಲಿ ಹಿಡಿದು ನಮ್ಮ ತಲೆಯ ಮೇಲೆಯೇ ಹಾರಿಹೋಯಿತು. ಆಮೇಲೆ ಎಷ್ಟು ಕಾದರೂ ನೀರು ಅಲುಗಲಿಲ್ಲ.

ಅಜ್ಜಿಯ ಕಣ್ಣಲ್ಲಿ ನೀರಿತ್ತು. ನನ್ನ ತಲೆಯ ಮೇಲೆ ಕೈಯಿಟ್ಟು, "ಇನ್ನ ನನಗ ಚಿಂತಿ ಇಲ್ಲವಾ. ಗಂಡನ ಮನ್ಯಾಗ ನೀ ಸುಖವಾಗಿರ್ತಿ. ಅದಕ್ಕ ಹರಕಿ ಹೊತ್ತಿದ್ದೆ," ಎಂದರು.

ಬೈಯಬೇಕೆಂದು ತೆರೆದ ಬಾಯಿಂದ ಬಿಕ್ಕು ಬಂತು. ಅವ್ವ ಸೆರಗಿನಿಂದ ನನ್ನ ಮುಖ ಒರೆಸಿದಳು. "ಅಳಬ್ಯಾಡ. ಎಲ್ಲಾ ಹೆಣ್ಮಕ್ಕಳೂ ಹೋಗಾಕ ಬೇಕಲ್ಲ."

"ನಾ ಅದಕ್ಕ ಅಳಾಕತ್ತಿಲ್ಲ!" ಎಂದು ಕಿರುಚಿದೆ. ಯಾರೂ ನಂಬಲಿಲ್ಲ.

ವಾಪಸ್ಸು ಬರುವಾಗ ಅಪ್ಪ ದುರ್ಬೀನನ್ನು ನನ್ನ ಕೈಗೆ ಕೊಟ್ಟರು. ಏನು ಮಾಡಲಿ ಅದನ್ನು? ಹರಗೋಲು ಗಿರಗಿರ ತಿರುಗುತ್ತಿತ್ತು. ಬಂಡೆ ಕಂಡಿತು ಅನ್ನುವಷ್ಟರಲ್ಲಿ ಹಂಪಿಯ ಗೋಪುರ ಬಂದುಬಿಡುತ್ತಿತ್ತು.

ಆಷಾಢ ಕಳೆಯಿತು, ಬಳ್ಳಾರಿಗೆ ಹೋದೆ. ಒಂದು ಬೆಳಿಗ್ಗೆ ಅತ್ತೆ, "ಗರುಡ ಬಂದದ, ಜಲ್ದಿ ಬಾ!" ಎಂದು ನನ್ನನ್ನು ಮಾಳಿಗೆಗೆ ಕರೆದರು. ಮನೆಯವರೆಲ್ಲ ಕೈಮುಗಿದು ನಿಂತಿದ್ದರು. ನಾನೂ ಕೈಮುಗಿದೆ, ಅದರ ಕಾಲಲ್ಲಿ ಮೀನಿದೆಯೇ ಎಂದು ನೋಡಿದೆ.